ಇಜಿಆರ್ ಮುಚ್ಚಬೇಡಿ, ಬಿಚ್ಚಿ ತೊಳೆಯಿರಿ: ಹಳೆಯ ಡೀಸೆಲ್ ಕಾರಿಗೆ ಸಮಗ್ರ ಮಾರ್ಗದರ್ಶಿ

"ಇಜಿಆರ್ ವಾಲ್ವ್ ಕ್ಲೀನ್ ಮಾಡಿಸಿದೆ. ಸ್ವಲ್ಪ ದಿನ ಚೆನ್ನಾಗಿತ್ತು. ಈಗ ಮತ್ತೆ ಅದೇ ಕಪ್ಪು ಹೊಗೆ, ಅದೇ ಚೆಕ್ ಎಂಜಿನ್ ಲೈಟು." ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಪದೇ ಪದೇ ಬರುತ್ತದೆ. ಇದಾದ ಮೇಲೆ ಗ್ಯಾರೇಜಿನಿಂದ ಬರುವ ಸಲಹೆಯೂ ಒಂದೇ: "ಸುಮ್ನೆ ಒಂದು ತಗಡು ಹಾಕಿ ಬ್ಲಾಕ್ ಮಾಡಿಬಿಡೋಣ ಸಾರ್."

ಇಜಿಆರ್ ಎಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್, ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್‌ಗೆ ತಿರುಗಿಸುವ ದಾರಿ. ಅದರ ಬಾಗಿಲು ಈ ವಾಲ್ವ್. ತೊಳೆದದ್ದು ತಪ್ಪಲ್ಲ, ತೊಳೆದ ಕ್ರಮ ತಪ್ಪು. ಮಸಿ ಎಲ್ಲಿಂದ ಬರುತ್ತಿದೆ ಎಂದು ನೋಡದೆ, ಮಸಿ ಕೂತ ಜಾಗವನ್ನು ಮಾತ್ರ ಉಜ್ಜಿದರೆ ಅದು ಮತ್ತೆ ಕೂರುತ್ತದೆ. ಹಾಗಾಗಿ ಇಲ್ಲಿ ಸ್ಪ್ಯಾನರ್ ಕೈಗೆ ಬರುವುದು 4ನೇ ಹಂತದಲ್ಲಿ. ಅದಕ್ಕೂ ಮೊದಲಿನ ಹಂತಗಳನ್ನು ಹಾರಿಸಬೇಡಿ.

ಇದು ಬಿಎಸ್-3 ಮತ್ತು ಬಿಎಸ್-4 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ ಹಂತಗಳು) ಕಾಲದ ಕಾಮನ್ ರೈಲ್ (ಒಂದೇ ಹೈ ಪ್ರೆಷರ್ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹೋಗುವ) ಡೀಸೆಲ್ ಕಾರುಗಳಿಗೆ: ಸ್ವಿಫ್ಟ್ ಡಿಡಿಐಎಸ್, ಹಳೆಯ ಇನ್ನೋವಾ, ಸ್ಕಾರ್ಪಿಯೋ ಈ ತರಹದವು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್‌ಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂಡ ಇರುತ್ತದೆ. ಅವುಗಳ ಕೆಲಸ ಬೇರೆ, ಅದಕ್ಕೆ ಇದನ್ನು ಬಳಸಬೇಡಿ.

ಮೊದಲು ತಗಡಿನ ವಿಷಯ ಮುಗಿಸೋಣ

ಸುಟ್ಟ ಹೊಗೆಯಲ್ಲಿ ಒಂದಷ್ಟನ್ನು ಇಜಿಆರ್ ಮತ್ತೆ ಎಂಜಿನ್‌ಗೆ ಕಳಿಸುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಸಿಲಿಂಡರ್ ಒಳಗೆ ಉರಿಯ ಬಿಸಿ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ದಾರಿ ಮುಚ್ಚಿದರೆ ಈ ವಿಷಾನಿಲ ಏರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹಿಂದೆ ಬರುವ ಸ್ಕೂಟರ್‌ನವರ ಶ್ವಾಸಕೋಶಕ್ಕೆ ಹೋಗುತ್ತದೆ.

ಎರಡನೆಯದು, ಕಾರಿನ ಕಂಪ್ಯೂಟರ್ ಇಜಿಆರ್ ಹರಿವನ್ನು ಲೆಕ್ಕ ಹಾಕುತ್ತಿರುತ್ತದೆ. ಹರಿವು ಕಾಣದಿದ್ದರೆ ಪಿ0401 ಎಂಬ ದೋಷದ ಕೋಡ್ ಹಾಕುತ್ತದೆ, ಕೆಲವು ಕಾರುಗಳಲ್ಲಿ ಪಿಕಪ್ಪನ್ನೇ ಕಡಿಮೆ ಮಾಡುತ್ತದೆ. ಆಮೇಲೆ ಆ ಕೋಡ್ ಮುಚ್ಚಲು ರೀಮ್ಯಾಪ್ (ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು), ಅದಕ್ಕೆ ಇನ್ನೊಂದಿಷ್ಟು ದುಡ್ಡು.

ಮೂರನೆಯದು ಕಾನೂನು. ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 182ಎ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಎಮಿಷನ್ ಟೆಸ್ಟ್ ಪಾಸಾಯಿತಲ್ಲ ಎನ್ನಬೇಡಿ. ಡೀಸೆಲ್ ಕಾರಿಗೆ ಅಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ಪಾಸಾದ ಚೀಟಿ ಇಜಿಆರ್ ಬಗ್ಗೆ ಏನೂ ಹೇಳುವುದಿಲ್ಲ.

ಬೇಕಾಗುವ ಸಾಮಾನು

- 8, 10, 12, 13 ಎಂಎಂ ಸಾಕೆಟ್, ರಾಚೆಟ್, ಉದ್ದನೆಯ ಎಕ್ಸ್‌ಟೆನ್ಷನ್. ಅಲೆನ್ ಕೀ ಮತ್ತು ಟಾರ್ಕ್ಸ್ ಬಿಟ್ ಸೆಟ್.
- ಟಾರ್ಕ್ ವ್ರೆಂಚ್ (ಎಷ್ಟು ಬಲ ಎಂದು ಅಳೆದು ಬಿಗಿಮಾಡುವ ಸ್ಪ್ಯಾನರ್). ಅಂದಾಜಿನಲ್ಲಿ ಬಿಗಿಮಾಡುವ ಕೈ ಇದೆ ಎನ್ನುವವರೇ ಅಲ್ಯುಮಿನಿಯಂ ಥ್ರೆಡ್ ಕಿತ್ತುಹಾಕುವುದು.
- ಲೈವ್ ಡೇಟಾ ತೋರಿಸುವ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ಕೋಡ್ ಓದುವ ಸಾಧನ).
- ಕಾರ್ಬ್ ಕ್ಲೀನರ್ ಅಥವಾ ಇಜಿಆರ್ ಕ್ಲೀನರ್ ಸ್ಪ್ರೇ ಎರಡು ಡಬ್ಬಿ, ಸ್ವಲ್ಪ ಡೀಸೆಲ್. ಏರ್‌ಫ್ಲೋ ಸೆನ್ಸರ್‌ಗೆ (ಎಂಜಿನ್‌ಗೆ ಹೋಗುವ ಗಾಳಿ ಅಳೆಯುವುದು) ಅದರದ್ದೇ ಕ್ಲೀನರ್.
- ನೈಲಾನ್ ಬ್ರಷ್, ಹಳೆಯ ಟೂತ್‌ಬ್ರಷ್, ಮರದ ಅಥವಾ ಪ್ಲಾಸ್ಟಿಕ್ ಕೆರೆಯುವ ಕಡ್ಡಿ, ನಾರು ಬಿಡದ ಬಟ್ಟೆ.
- ತುಕ್ಕು ಹಿಡಿದ ಬೋಲ್ಟ್‌ಗೆ ಹೊಡೆಯುವ ಎಣ್ಣೆ (ಡಬ್ಲ್ಯುಡಿ-40 ಆದರೂ ಸರಿ).
- ಹೊಸ ಗ್ಯಾಸ್ಕೆಟ್‌ಗಳು. ಇವನ್ನು ಮೊದಲೇ ತಂದಿಟ್ಟುಕೊಳ್ಳಿ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಭಾನುವಾರ ಕಾರು ಬಿಚ್ಚಿ ಕೂತ ಮೇಲೆ ಗ್ಯಾಸ್ಕೆಟ್ ಹುಡುಕಲು ಹೊರಟರೆ ಆಟೋ ಚಾರ್ಜೇ ಜಾಸ್ತಿ ಆಗುತ್ತದೆ.
- ಕೈಗವಸು, ಕನ್ನಡಕ, ಮಾಸ್ಕ್. ಡೀಸೆಲ್ ಮಸಿ ಉಸಿರಿಗೆ ಒಳ್ಳೆಯದಲ್ಲ.

ಹಂತ 1: ಹೊಗೆ ನೋಡಿ, ಕೋಡ್ ಓದಿ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಗೆಯ ಬಣ್ಣ ನೋಡಿ. ಕಪ್ಪು ಎಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಇಜಿಆರ್ ತೆರೆದೇ ಸಿಕ್ಕಿಕೊಂಡಿದ್ದರೆ ಹೀಗಾಗುತ್ತದೆ, ಆದರೆ ಬೇರೆ ಕಾರಣವೂ ಇರಬಹುದು. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಡದೆ ಬರುತ್ತಿದ್ದು, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಇಜಿಆರ್ ಕೂಲರ್ (ವಾಪಸ್ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ನೀಲಿ, ಬಿಳಿ ಎರಡಕ್ಕೂ ವಾಲ್ವ್ ತೊಳೆದು ಪ್ರಯೋಜನವಿಲ್ಲ. ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ ಹತ್ತಿರ ಹೋಗಿ.

ಈಗ ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಪಿ0401 ಎಂದರೆ ಹರಿವು ಸಾಲದು, ಪಿ0402 ಎಂದರೆ ಹರಿವು ಜಾಸ್ತಿ, ಪಿ0403 ಎಂದರೆ ವೈರಿಂಗ್ ಅಥವಾ ಸರ್ಕ್ಯೂಟ್ ತೊಂದರೆ. ಪಿ0403 ಒಂದೇ ಬಂದಿದ್ದರೆ ಮೊದಲು ಕನೆಕ್ಟರ್ ನೋಡಿ. ಅದು ಮಸಿಯ ಕಾಯಿಲೆಯಲ್ಲ. ಪಿ0101 (ಏರ್‌ಫ್ಲೋ ಸೆನ್ಸರ್) ಅಥವಾ ಪಿ0299 (ಟರ್ಬೊ ಒತ್ತಡ ಸಾಲದು) ಜೊತೆಗಿದ್ದರೆ ಅದನ್ನೇ ಮೊದಲು ಹಿಡಿಯಿರಿ.

ತಪ್ಪು ಆಗುವುದು ಇಲ್ಲಿ: ಕೋಡ್ ಅಳಿಸಿ, ಲೈಟ್ ಹೋಯಿತು ಎಂದು ಖುಷಿಪಡುವುದು. ಕೋಡ್ ಅಳಿಸುವುದು ಕೊನೆಯ ಕೆಲಸ.

ಹಂತ 2: ಮಸಿಯ ಮೂಲ ಹುಡುಕಿ

ಎಲ್ಲರೂ ಬಿಡುವ ಹಂತ ಇದೇ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಏರ್ ಫಿಲ್ಟರ್ ತೆಗೆದು ನೋಡಿ. ಧೂಳು ಕಟ್ಟಿದ್ದರೆ ಬದಲಿಸಿ. ನಮ್ಮ ಮಣ್ಣು ರಸ್ತೆಗಳಲ್ಲಿ ಓಡುವ ಕಾರಿಗೆ ಸರ್ವಿಸ್ ಪುಸ್ತಕದ ಕಿಲೋಮೀಟರ್‌ವರೆಗೆ ಕಾಯಬೇಕಾಗಿಲ್ಲ.

ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗಾಗಿಸುವುದು), ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳನ್ನು ಕೈಯಲ್ಲಿ ಒತ್ತಿ ನೋಡಿ. ಬಿರುಕು ಬಿಟ್ಟ ಜಾಗದಲ್ಲಿ ಹೊರಗಡೆ ಎಣ್ಣೆಯ ಜಿಡ್ಡು ಇರುತ್ತದೆ. ಹೋಸ್‌ನ ಕೆಳಭಾಗ ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ತಡವಿ. ಏರು ಹತ್ತುವಾಗ ಉಸ್ ಎಂಬ ಸದ್ದಿನ ಜೊತೆ ಕಪ್ಪು ಹೊಗೆ ಬಂದರೆ ಅನುಮಾನ ಇಲ್ಲೇ.

ಆಯಿಲ್ ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟಿದ್ದರೆ ಆಯಿಲ್ ಆವಿ ಬ್ರೀದರ್ ಪೈಪ್ ಮೂಲಕ ಗಾಳಿಯ ದಾರಿಗೆ ಜಾಸ್ತಿ ಹೋಗುತ್ತದೆ. ಒಣ ಮಸಿಗೆ ಈ ಎಣ್ಣೆ ಸೇರಿದಾಗಲೇ ಅದು ಡಾಂಬರಿನ ಹಾಗೆ ಅಂಟುವುದು. ಒಣ ಮಸಿ ಮಾತ್ರ ಇದ್ದರೆ ಇಷ್ಟು ಕಾಟ ಇರುವುದಿಲ್ಲ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ತಡೆಯುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದೆಯೇ? ಹತ್ತಿಪ್ಪತ್ತು ನಿಮಿಷ ಓಡಿಸಿದರೂ ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬರದಿದ್ದರೆ ಅದನ್ನು ಬದಲಿಸಿ. ತಣ್ಣಗಿನ ಎಂಜಿನ್‌ನಲ್ಲಿ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಕೆಲವು ಕಡೆ "ಎಂಜಿನ್ ತಣ್ಣಗಿರಲಿ" ಎಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿರುತ್ತಾರೆ. ಅಂಥ ಕಾರಿನಲ್ಲಿ ಇಜಿಆರ್ ಎಷ್ಟು ಸಲ ತೊಳೆದರೂ ಅಷ್ಟೇ.

ಕೊನೆಗೆ ಇಂಜೆಕ್ಟರ್. ಒಂದು ಇಂಜೆಕ್ಟರ್ ಡೀಸೆಲ್ ಜಾಸ್ತಿ ಸುರಿಯುತ್ತಿದ್ದರೆ ಹೊಗೆ ಅಲ್ಲಿಂದಲೇ. ಇದನ್ನು ಡೀಸೆಲ್ ಪಂಪ್ ಕೆಲಸದವರಿಗೆ ಬಿಡಿ. ಎಂಜಿನ್ ಓಡುವಾಗ ಇಂಜೆಕ್ಟರ್‌ನ ಹೈ ಪ್ರೆಷರ್ ಪೈಪ್ ಸಡಿಲ ಮಾಡಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲ ಎಂದು ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಬೇಕು.

ಹಂತ 3: ವಾಲ್ವ್ ನಿಜವಾಗಿಯೂ ಕೆಟ್ಟಿದೆಯೇ ಎಂದು ನೋಡಿ

ಸ್ಕ್ಯಾನರ್‌ನಲ್ಲಿ ಎರಡು ಸಾಲು ತೆರೆಯಿರಿ: ಇಜಿಆರ್‌ಗೆ ಕಂಪ್ಯೂಟರ್ ಕೊಟ್ಟ ಆದೇಶ, ವಾಲ್ವ್‌ನ ನಿಜವಾದ ಸ್ಥಾನ. ಎರಡೂ ಹೆಚ್ಚು ಕಡಿಮೆ ಜೊತೆಯಾಗಿ ಏರಿಳಿಯಬೇಕು. ಆದೇಶ ಸೊನ್ನೆಯಾದರೂ ಸ್ಥಾನ ಸೊನ್ನೆಗೆ ಬರದಿದ್ದರೆ ವಾಲ್ವ್ ಮುಚ್ಚುತ್ತಿಲ್ಲ.

ಇನ್ನೊಂದು ಸಾಲು ಗಾಳಿಯ ಅಳತೆ. ಇಲ್ಲಿ ಸಣ್ಣ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. 1248 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಎಂದರೆ ಒಂದೊಂದು ಸಿಲಿಂಡರ್ 312 ಸಿಸಿ. ಸಮುದ್ರ ಮಟ್ಟದಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಅಂದರೆ ಪೂರ್ತಿ ತುಂಬಿದರೆ ಸುಮಾರು 370 ಮಿಲಿಗ್ರಾಂ. ಪೂರ್ತಿ ತುಂಬುವುದಿಲ್ಲ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಹತ್ತರಲ್ಲೊಂದು ಪಾಲು ತೆಳು. ಹಾಗಾಗಿ ಈ ಎಂಜಿನ್‌ನಲ್ಲಿ ಐಡ್ಲಿಂಗ್‌ನಲ್ಲಿ ಇಜಿಆರ್ ಮುಚ್ಚಿರುವಾಗ ಒಂದು ಸ್ಟ್ರೋಕ್‌ಗೆ (ಒಂದು ಸಿಲಿಂಡರ್ ಒಂದು ಸಲ ಗಾಳಿ ಎಳೆದಾಗ) 300 ಮಿಲಿಗ್ರಾಂ ಆಸುಪಾಸು ಕಂಡರೆ ನೆಮ್ಮದಿ. ಮಂಗಳೂರಿನಲ್ಲಾದರೆ ಇನ್ನೂ ಸ್ವಲ್ಪ ಜಾಸ್ತಿ ಇರಬೇಕು. ಇದರ ಅರ್ಧದಷ್ಟೇ ಇದ್ದರೆ ವಾಲ್ವ್ ಮುಚ್ಚಿಲ್ಲ, ಇಲ್ಲವೇ ಏರ್‌ಫ್ಲೋ ಸೆನ್ಸರ್ ಸುಳ್ಳು ಹೇಳುತ್ತಿದೆ. ಸೆನ್ಸರನ್ನು ಅದರದ್ದೇ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ ಮತ್ತೆ ನೋಡಿ. ಅದಕ್ಕೆ ಕಾರ್ಬ್ ಕ್ಲೀನರ್ ಹೊಡೆಯಬೇಡಿ, ಬೆರಳು ತಾಗಿಸಬೇಡಿ.

ಹಳೆಯ ಕೆಲವು ಕಾರುಗಳಲ್ಲಿ ವಾಲ್ವ್ ತೆರೆಯುವುದು ಮೋಟಾರ್ ಅಲ್ಲ, ವ್ಯಾಕ್ಯೂಮ್. ಇವಕ್ಕೆ ಕೈ ವ್ಯಾಕ್ಯೂಮ್ ಪಂಪ್ ಬೇಕು. ಎಳೆದು ಹಿಡಿದಾಗ ಪಂಪಿನ ಮೀಟರ್ ಮುಳ್ಳು ಇಳಿಯದೆ ನಿಲ್ಲಬೇಕು. ಇಳಿದರೆ ಡಯಾಫ್ರಂ (ಒಳಗಿನ ರಬ್ಬರ್ ಪರದೆ) ಹರಿದಿದೆ, ವಾಲ್ವ್ ಬದಲಿಸಬೇಕು. ತೊಳೆದು ಸರಿಹೋಗುವ ವಿಷಯವಲ್ಲ.

ಹಂತ 4: ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಿ. ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕಿನ ಎಣ್ಣೆ ಹೊಡೆದಿಡಿ.

1. ಕೀ ತೆಗೆದು ಕೆಲವು ನಿಮಿಷ ಬಿಟ್ಟು ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಟೀರಿಯೊಗೆ ಕೋಡ್ ಇದ್ದರೆ ಮೊದಲೇ ಬರೆದಿಡಿ.

2. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವ್ಯಾಕ್ಯೂಮ್ ಪೈಪ್‌ಗಳಿಗೆ ಟೇಪ್ ಅಂಟಿಸಿ ಗುರುತು ಹಾಕಿ.

3. ಕನೆಕ್ಟರ್ ಕಳಚುವಾಗ ಲಾಕ್ ಒತ್ತಿ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಹತ್ತು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ.

4. ವಾಲ್ವ್ ಅಥವಾ ಕೂಲರ್‌ಗೆ ಕೂಲಂಟ್ ಹೋಸ್ ಇದ್ದರೆ ಕೆಳಗೆ ಪಾತ್ರೆ ಇಡಿ. ಕೂಲಂಟ್ ನೆಲಕ್ಕೆ ಬಿಡಬೇಡಿ. ಸಿಹಿಯಾಗಿರುತ್ತದೆ, ಬೀದಿ ನಾಯಿಗಳು ನೆಕ್ಕಿದರೆ ವಿಷ.

5. ಬೋಲ್ಟ್ ಒಂದೇ ಸಮ ತಿರುಗಿಸಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದೆ ಬಿಗಿಮಾಡಿ, ಮತ್ತೆ ಬಿಚ್ಚಿ. ಕಿರ್ ಎಂದು ಗಟ್ಟಿಯಾಗುತ್ತಾ ಹೋದರೆ ನಿಲ್ಲಿಸಿ, ಎಣ್ಣೆ ಹೊಡೆದು ಕಾಯಿರಿ. ಉದ್ದನೆಯ ಪೈಪ್ ಸಿಕ್ಕಿಸಿ ಬಲ ಹಾಕಿದರೆ ಬೋಲ್ಟ್ ತಲೆ ಮುರಿಯುತ್ತದೆ. ಆಮೇಲೆ ಡ್ರಿಲ್ ಮಾಡಿಸಬೇಕು, ಅರ್ಧ ದಿನದ ಕೆಲಸ ಮೂರು ದಿನ ಹಿಡಿಯುತ್ತದೆ.

6. ವಾಲ್ವ್ ಹೊರಬಂದ ಕೂಡಲೇ ಎಂಜಿನ್ ಕಡೆಯ ತೂತಿಗೆ ಶುಭ್ರ ಬಟ್ಟೆ ತುರುಕಿ. ಬಟ್ಟೆ ದೊಡ್ಡದಿರಲಿ, ಹೊರಗೆ ಕಾಣುವಂತಿರಲಿ. ವಾಪಸ್ ಜೋಡಿಸುವಾಗ ಅದನ್ನು ಮರೆತವರಿದ್ದಾರೆ.

ಹಂತ 5: ತೊಳೆಯುವುದು

ಬಯಲಲ್ಲಿ ಕೂತು ಮಾಡಿ. ಬೀಡಿ, ಸಿಗರೇಟು, ದೇವರ ದೀಪ ಏನೂ ಹತ್ತಿರ ಬೇಡ. ಪೆಟ್ರೋಲ್‌ನಲ್ಲಿ ತೊಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ನೀವು ಮಾಡಬೇಡಿ.

ಮೊದಲು ಒಣ ಮಸಿಯನ್ನು ಮರದ ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್, ಗಟ್ಟಿ ತಂತಿ ಬ್ರಷ್ ಬೇಡ. ವಾಲ್ವ್ ಬಂದು ಕೂರುವ ಸೀಟ್ ಮೇಲೆ ಒಂದು ಗೀರು ಬಿದ್ದರೂ ಅದು ಮುಂದೆ ಪೂರ್ತಿ ಮುಚ್ಚುವುದಿಲ್ಲ.

ಮೋಟಾರ್ ಇರುವ ತುದಿ ಯಾವಾಗಲೂ ಮೇಲಿರುವಂತೆ ಹಿಡಿಯಿರಿ. ಕೆಳಗಿನ ಲೋಹದ ಭಾಗ ಮಾತ್ರ ಡೀಸೆಲ್‌ನಲ್ಲಿ ಮುಳುಗುವಂತೆ ಒಂದೆರಡು ಗಂಟೆ ನೆನೆಸಿ. ಆಮೇಲೆ ಸ್ಪ್ರೇ, ಬ್ರಷ್, ಬಟ್ಟೆ. ಮತ್ತೆ ಸ್ಪ್ರೇ. ಕರಿ ನೀರು ತಿಳಿಯಾಗುವವರೆಗೆ ಇದೇ. ಲೋಹ ಹೊಳೆಯಬೇಕಾಗಿಲ್ಲ, ವಾಲ್ವ್‌ನ ಕಡ್ಡಿ ಮತ್ತು ಸೀಟ್ ಶುಭ್ರವಾದರೆ ಸಾಕು.

ಕಾಸ್ಟಿಕ್ ಸೋಡಾ ಬೇಡವೇ ಬೇಡ. ಮಸಿ ಹೋಗುತ್ತದೆ ನಿಜ, ಜೊತೆಗೆ ಅಲ್ಯುಮಿನಿಯಂ ಕೂಡ ಹೋಗುತ್ತದೆ. ಅದೂ ಇದೂ ಸೇರಿದಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬೇರೆ ಹುಟ್ಟುತ್ತದೆ.

ಮೋಟಾರ್ ವಾಲ್ವನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ತೆರೆಯಬೇಡಿ. ಒಳಗಿನ ಸಣ್ಣ ಗೇರ್ ಹಲ್ಲು ಮುರಿದರೆ ಹೊಸ ವಾಲ್ವೇ ಗತಿ. ವ್ಯಾಕ್ಯೂಮ್ ವಾಲ್ವನ್ನು ಕೈಪಂಪಿನಿಂದ ತೆರೆದು ಮುಚ್ಚಿ ತೊಳೆಯಬಹುದು.

ಒಣಗಿದ ಮೇಲೆ ಸೋರಿಕೆ ನೋಡಿ. ಮುಚ್ಚಿದ ವಾಲ್ವ್‌ನ ಒಂದು ಬದಿಗೆ ಸ್ವಲ್ಪ ಡೀಸೆಲ್ ಹಾಕಿ ಐದು ನಿಮಿಷ ಬಿಡಿ. ಇನ್ನೊಂದು ಬದಿಗೆ ಧಾರೆಯಾಗಿ ಇಳಿದರೆ ಸೀಟ್ ಸವೆದಿದೆ ಅಥವಾ ಮಸಿ ಇನ್ನೂ ಇದೆ. ಒಂದೆರಡು ಹನಿ ಜಿನುಗಿದರೆ ತೊಂದರೆಯಿಲ್ಲ.

ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಕಡೆ ಎಚ್ಚರ ಜಾಸ್ತಿ ಬೇಕು. ಅದನ್ನು ಎಂಜಿನ್‌ನಿಂದ ಕಳಚದೆ ಒಳಗೆ ಕೆರೆದರೆ ಗಟ್ಟಿ ಮಸಿಯ ತುಂಡು ಸಿಲಿಂಡರ್‌ಗೆ ಬೀಳುತ್ತದೆ. ಬಾಯಿಯಲ್ಲಿ ಕೈಗೆ ಸಿಗುವಷ್ಟನ್ನು ವ್ಯಾಕ್ಯೂಮ್ ಕ್ಲೀನರ್ ಹಿಡಿದುಕೊಂಡೇ ತೆಗೆಯಿರಿ. ಅರ್ಧ ದಾರಿ ಕಟ್ಟಿದ್ದರೆ ಮ್ಯಾನಿಫೋಲ್ಡ್ ಪೂರ್ತಿ ಕಳಚಿಸಿ ತೊಳೆಸಬೇಕು. ಅದು ಮೆಕ್ಯಾನಿಕ್ ಕೆಲಸ.

ಓಡುತ್ತಿರುವ ಡೀಸೆಲ್ ಎಂಜಿನ್‌ನ ಗಾಳಿಯ ದಾರಿಗೆ ಕಾರ್ಬ್ ಕ್ಲೀನರ್ ಹೊಡೆಯಬೇಡಿ. ಡೀಸೆಲ್ ಎಂಜಿನ್ ಒಳಬಂದ ಉರಿಯುವ ವಸ್ತುವನ್ನೆಲ್ಲ ಉರಿಸುತ್ತದೆ. ಆರ್‌ಪಿಎಂ ಹಿಡಿತ ತಪ್ಪಿ ಏರಿದರೆ ಕೀ ಆಫ್ ಮಾಡಿದರೂ ನಿಲ್ಲದೆ ಇರಬಹುದು.

ಹಂತ 6: ಜೋಡಿಸಿ, ಕಂಪ್ಯೂಟರಿಗೆ ತಿಳಿಸಿ

ಬಟ್ಟೆ ತೆಗೆದಿರಾ? ನೋಡಿ. ಎರಡೂ ಮುಖದ ಹಳೆಯ ಗ್ಯಾಸ್ಕೆಟ್ ತುಣುಕು ಒರೆಸಿ, ಹೊಸದು ಇಡಿ. ಟ್ಯೂಬಿನಲ್ಲಿ ಬರುವ ಸಿಲಿಕೋನ್ ಪೇಸ್ಟ್ ಹಚ್ಚಬೇಡಿ. ಹೊಗೆಯ ಬಿಸಿಗೆ ಅದು ಕಿತ್ತು ಒಳಗೆ ಹೋಗುತ್ತದೆ.

ಬೋಲ್ಟ್‌ಗಳನ್ನೆಲ್ಲ ಮೊದಲು ಕೈಯಲ್ಲೇ ತಿರುಗಿಸಿ ಹಿಡಿಸಿ. ಆಮೇಲೆ ಆ ಕಡೆ ಈ ಕಡೆ ಸರದಿಯಂತೆ ಬಿಗಿಮಾಡಿ. ನಿಮ್ಮ ಕಾರಿನ ವರ್ಕ್‌ಶಾಪ್ ಪುಸ್ತಕದ ಟಾರ್ಕ್ ಸಿಕ್ಕರೆ ಅದೇ ಅಂತಿಮ. ಸಿಗದಿದ್ದರೆ ಎಂ8 ಬೋಲ್ಟ್‌ಗೆ 20ರಿಂದ 25 ನ್ಯೂಟನ್ ಮೀಟರ್, ಎಂ6ಗೆ 8ರಿಂದ 10 ಎಂಬುದು ಸಾಮಾನ್ಯ ಅಳತೆ.

ಕೂಲಂಟ್ ತುಂಬಿ, ಬ್ಯಾಟರಿ ಜೋಡಿಸಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಅರ್ಧ ನಿಮಿಷ ಬಿಡಿ, ಆಫ್ ಮಾಡಿ ಅಷ್ಟೇ ಹೊತ್ತು ಬಿಡಿ. ಕೆಲವು ಮೋಟಾರ್ ವಾಲ್ವ್‌ಗಳು ಈ ಹೊತ್ತಿನಲ್ಲಿ ತಮ್ಮ ತುದಿಗಳನ್ನು ತಾವೇ ಅಳೆದುಕೊಳ್ಳುತ್ತವೆ. ಇನ್ನು ಕೆಲವಕ್ಕೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಷನ್ ಅಥವಾ ರೀಸೆಟ್ ಕೊಡಬೇಕು. ತೊಳೆದ ಮೇಲೆ ಐಡ್ಲಿಂಗ್ ಮೊದಲಿಗಿಂತ ಕೆಟ್ಟಿತು ಎನ್ನುವವರು ಬಿಟ್ಟಿರುವುದು ಇದನ್ನೇ. ಈಗ ಕೋಡ್ ಅಳಿಸಿ.

ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಹೊಗೆ ಬರುತ್ತದೆ, ಉಳಿದ ಕ್ಲೀನರ್ ಉರಿಯುವುದು ಅದು. ಚಫ್ ಚಫ್ ಸದ್ದು ಬಂದರೆ ಗ್ಯಾಸ್ಕೆಟ್ ಸೋರುತ್ತಿದೆ, ಆಫ್ ಮಾಡಿ ಸರಿಪಡಿಸಿ.

ವ್ಯಾಕ್ಯೂಮ್ ವಾಲ್ವ್ ಇರುವ ಕಾರಾದರೆ ಗೇರ್ ಹಾಕುವ ಮೊದಲು ಬ್ರೇಕ್ ಪೆಡಲ್ ಒತ್ತಿ ನೋಡಿ. ಬ್ರೇಕ್ ಬೂಸ್ಟರ್‌ಗೂ ಅದೇ ವ್ಯಾಕ್ಯೂಮ್ ಪಂಪ್. ಒಂದು ಪೈಪ್ ಬಿಟ್ಟುಹೋಗಿದ್ದರೂ ಪೆಡಲ್ ಕಲ್ಲಿನಂತಾಗಬಹುದು. ಹಾಗಿದ್ದರೆ ಕಾರು ಅಲುಗಾಡಿಸಬೇಡಿ.

ಸ್ಕ್ಯಾನರ್‌ನಲ್ಲಿ ಆಕ್ಚುವೇಟರ್ ಟೆಸ್ಟ್ ಇದ್ದರೆ ಐಡ್ಲಿಂಗ್‌ನಲ್ಲಿ ವಾಲ್ವ್ ತೆರೆಯಿಸಿ. ಗಾಳಿಯ ಅಳತೆ ಥಟ್ಟನೆ ಇಳಿಯಬೇಕು, ಎಂಜಿನ್ ಸದ್ದೂ ಬದಲಾಗಬೇಕು. ಮುಚ್ಚಿದಾಗ ಅಳತೆ ವಾಪಸ್ ಏರಬೇಕು. ಹೀಗಾದರೆ ಕೆಲಸ ಆಗಿದೆ.

ಹಂತ 7: ಓಡಿಸಿ, ಹೊಗೆ ಅಳೆಸಿ

ಊರೊಳಗೆ ಸುತ್ತಿದರೆ ಏನೂ ಗೊತ್ತಾಗುವುದಿಲ್ಲ. ಹೈವೇಯಲ್ಲಿ ಅರ್ಧ ಗಂಟೆ, ಮಧ್ಯೆ ಆಗಾಗ ಕೆಳಗಿನ ಗೇರಿನಲ್ಲಿ 2500ರಿಂದ 3000 ಆರ್‌ಪಿಎಂ ಇಟ್ಟು ಓಡಿಸಿ. ವಾಪಸ್ ಬಂದು ಕೋಡ್ ಓದಿ, ಕೂಲಂಟ್ ಮಟ್ಟ ನೋಡಿ.

ಆಮೇಲೆ ಎಂಜಿನ್ ಬಿಸಿಯಿರುವಾಗಲೇ ಎಮಿಷನ್ ಟೆಸ್ಟ್‌ಗೆ ಹೋಗಿ. ಬಿಎಸ್-4 ಡೀಸೆಲ್‌ಗೆ ಹೊಗೆಯ ಮಿತಿ 50 ಹಾರ್ಟ್ರಿಜ್ ಯೂನಿಟ್, ಅದಕ್ಕಿಂತ ಹಳೆಯದಕ್ಕೆ 65. ಬಿಎಸ್-4ರ ಸರ್ಟಿಫಿಕೇಟ್ ಒಂದು ವರ್ಷ, ಹಳೆಯದರದ್ದು ಆರು ತಿಂಗಳು ನಡೆಯುತ್ತದೆ. ಪಾಸಾದರೆ ಸಾಕು ಎಂದು ಬಿಡದೆ ಚೀಟಿಯ ಅಂಕಿ ಇಟ್ಟುಕೊಳ್ಳಿ. ಮುಂದಿನ ಸಲ 20 ಇದ್ದದ್ದು 40 ಆಗಿದ್ದರೆ, ಲೈಟ್ ಹತ್ತುವ ಮೊದಲೇ 2ನೇ ಹಂತಕ್ಕೆ ಹೋಗಬಹುದು.

ಮೊದಲೇ ಯಾರೋ ಮುಚ್ಚಿದ್ದರೆ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಇದು ಆಗಾಗ ಎದುರಾಗುತ್ತದೆ. ವಾಲ್ವ್ ಮತ್ತು ಪೈಪ್ ಸೇರುವ ಜಾಗದಲ್ಲಿ ಗ್ಯಾಸ್ಕೆಟ್ ಜೊತೆ ತೆಳು ತಗಡಿನ ಅಂಚು ಇಣುಕುತ್ತಿದೆಯೇ ನೋಡಿ. ವ್ಯಾಕ್ಯೂಮ್ ಕಾರಿನಲ್ಲಿ ಪೈಪ್ ಕಳಚಿ ಅದರ ಬಾಯಿಗೆ ಸ್ಕ್ರೂ ಅಥವಾ ಬೇರಿಂಗ್ ಗುಂಡು ತುರುಕಿರುತ್ತಾರೆ. ಆಕ್ಚುವೇಟರ್ ಟೆಸ್ಟ್‌ನಲ್ಲಿ ವಾಲ್ವ್ ತೆರೆದರೂ ಗಾಳಿಯ ಅಳತೆ ಅಲುಗದಿದ್ದರೆ ತಗಡು ಇರುವ ಸಾಧ್ಯತೆ ಜಾಸ್ತಿ.

ತಗಡು ಮಾತ್ರ ಕಿತ್ತು ಓಡಿಸಬೇಡಿ. ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು ಎಂದೇ ಎಷ್ಟೋ ಸಲ ಅದನ್ನು ಹಾಕಿರುತ್ತಾರೆ. ವಾಲ್ವ್ ಬಿಚ್ಚಿ, ತೊಳೆದು, ಡೀಸೆಲ್ ಹಾಕಿ ಸೋರಿಕೆ ನೋಡಿ. ಪಾಸಾದರೆ ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ. ಫೇಲಾದರೆ ಹೊಸ ವಾಲ್ವ್ ತನ್ನಿ. ಕಂಪನಿ ಹೆಸರಿಲ್ಲದ ಅಗ್ಗದ ಡಬ್ಬಿಯದ್ದಕ್ಕಿಂತ, ನಿಮ್ಮ ವಾಲ್ವ್ ಮೇಲಿರುವ ಪಾರ್ಟ್ ನಂಬರ್‌ಗೆ ಹೊಂದುವ ಒರಿಜಿನಲ್ ತರುವುದೇ ಒಳ್ಳೆಯದು.

ಸಾಫ್ಟ್‌ವೇರಿನಲ್ಲೂ ಇಜಿಆರ್ ಆಫ್ ಮಾಡಿದ್ದರೆ ವಾಲ್ವ್ ಹೊಸದಾದರೂ ಕಂಪ್ಯೂಟರ್ ಅದನ್ನು ತೆರೆಯುವುದೇ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಸಮ ವೇಗದಲ್ಲಿ ಓಡಿಸುತ್ತಾ, ಪಕ್ಕದಲ್ಲಿ ಕೂತವರಿಂದ ಆದೇಶದ ಸಾಲನ್ನು ನೋಡಿಸಿ. ಉದ್ದಕ್ಕೂ ಸೊನ್ನೆಯೇ ಇದ್ದರೆ, ಕಂಪನಿಯ ಮೂಲ ಸಾಫ್ಟ್‌ವೇರನ್ನು ವಾಪಸ್ ಹಾಕಿಸಿ, ನಂತರ 6ನೇ ಹಂತದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.